ಕರ್ಕ್ಯುಮಿನ್ ತುಂಬೋಕೆ ಕೈಟೋಸಾನ್‌ಗಿಂತ ಪಿಎಲ್‌ಜಿಎ ವಾಸಿ

ದುಡ್ಡು ಜಾಸ್ತಿಯಾದರೂ ನನ್ನ ಓಟು ಪಿಎಲ್‌ಜಿಎ ಅನ್ನೋ ಕೃತಕ ಪಾಲಿಮರ್‌ಗೆ (ಉದ್ದ ಸರಪಳಿಯಂಥ ಅಣು). ಮೈಸೂರಿನ ನಮ್ಮ ಫಾರ್ಮಸಿ ಲ್ಯಾಬಿನಲ್ಲಿ ಅರಿಶಿನದ ಹಳದಿ ಅಂಶವಾದ ಕರ್ಕ್ಯುಮಿನ್ ತುಂಬುವ ನ್ಯಾನೋಕಣಕ್ಕೆ (ಔಷಧ ಹೊರುವ ಅತಿ ಪುಟ್ಟ ಕಣ) ಕೈಟೋಸಾನ್, ಕೊಬ್ಬಿನ ಪದರದ ಗುಳ್ಳೆಯಾದ ಲೈಪೋಸೋಮ್, ಪಿಎಲ್‌ಜಿಎ ಮೂರನ್ನೂ ಬಳಸಿ ನೋಡಿದ್ದೇನೆ. ಪಕ್ಕದ ಚಾಮರಾಜನಗರದಲ್ಲಿ ಅರಿಶಿನಕ್ಕೇನೂ ಬರವಿಲ್ಲ. ಆದರೆ ಅದರ ಕರ್ಕ್ಯುಮಿನ್ ನೀರಲ್ಲಿ ಕರಗಲ್ಲ, ನುಂಗಿದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಅದಕ್ಕೇ ಕಣದೊಳಗೆ ತುಂಬುವ ಈ ಪಾಡು.

ಕೈಟೋಸಾನ್ ಅಗ್ಗ. ಸಿಗಡಿ, ಏಡಿ ಚಿಪ್ಪಿನಿಂದ ಬರುವಂಥದ್ದು. ಅಸಿಟಿಕ್ ಆಮ್ಲದ ನೀರಿನಲ್ಲಿ ಕರಗಿಸಿ, ಸ್ಟಿರರ್ ಮೇಲಿಟ್ಟು, ಟಿಪಿಪಿ (ಟ್ರೈಪಾಲಿಫಾಸ್ಫೇಟ್, ಕೈಟೋಸಾನಿನ ಧನ ಚಾರ್ಜಿಗೆ ಅಂಟುವ ಋಣ ಚಾರ್ಜಿನ ಲವಣ) ದ್ರಾವಣವನ್ನು ತೊಟ್ಟು ತೊಟ್ಟಾಗಿ ಬಿಟ್ಟರೆ ಕಣ ತಾನಾಗಿ ಕಟ್ಟುತ್ತದೆ. ಮೊದಲ ಡಬ್ಬಿಯಲ್ಲಿ ಔಷಧ ತುಂಬದ ಖಾಲಿ ಕಣ ಮಾಡಿದಾಗ ತಿಳಿ ದ್ರಾವಣ ನೀಲಿ ಛಾಯೆಯ ಮಬ್ಬಿಗೆ ತಿರುಗಿತ್ತು. ಬೇಕಾದದ್ದೂ ಅದೇ.

ಎರಡನೇ ಡಬ್ಬಿಯಿಂದ ತಲೆನೋವು ಶುರು. ಅದೇ ಲೇಬಲ್, ಅದೇ ಅಳತೆ. ಟಿಪಿಪಿ ಬೀಳುತ್ತಿದ್ದಂತೆ ಬೀಕರಿನಲ್ಲಿ ಬಿಳಿ ಎಳೆಗಳು ತೇಲಿ, ಸ್ವಲ್ಪ ಹೊತ್ತಿಗೆ ತಳ ಹಿಡಿದವು. ವೇಗ ಬದಲಿಸಿದೆ, ಪಿಎಚ್ ನೋಡಿದೆ, ಟಿಪಿಪಿ ಹೊಸದಾಗಿ ಕರಗಿಸಿದೆ. ಊಹೂಂ.

ಡೀಲರ್‌ಗೆ ಫೋನ್ ಮಾಡಿದರೆ, "ಸ್ಪೆಸಿಫಿಕೇಶನ್ ಒಳಗೇ ಇದೆಯಲ್ಲಾ ಮೇಡಂ" ಅಂದರು. ಇದೆ, ನಿಜ. ಡೀಅಸಿಟೈಲೇಶನ್ (ಸರಪಳಿಯಿಂದ ಅಸಿಟೈಲ್ ಗುಂಪು ಎಷ್ಟು ಕಳಚಿದೆ ಅನ್ನೋ ಅಳತೆ, ಚಾರ್ಜ್ ನಿಂತಿರುವುದು ಇದರ ಮೇಲೆ) ಶೇ 75ರಿಂದ 85 ಅಂತ ಲೇಬಲ್ಲೇ ಹೇಳುತ್ತದೆ. ಅದರೊಳಗೆ ಒಂದು ಡಬ್ಬಿ ಆ ತುದಿ, ಇನ್ನೊಂದು ಈ ತುದಿ. ಸರಪಳಿ ಉದ್ದವೂ ಹಾಗೇ. ಕೈಟೋಸಾನಿನ ಚಾರ್ಜ್ ಬದಲಾದರೆ ಟಿಪಿಪಿ ಲೆಕ್ಕವನ್ನು ಮೊದಲಿಂದ ಹುಡುಕಬೇಕು. ಡಬ್ಬಿ ಬದಲಾದಾಗಲೆಲ್ಲ ಇದೇ ಆದರೆ ಥೀಸಿಸ್ ಮುಗಿಯುವುದು ಯಾವಾಗ? ಸಾಲದ್ದಕ್ಕೆ ನೀರಿಗೆ ಒಗ್ಗದ ಕರ್ಕ್ಯುಮಿನ್ ಹರಳಾಗಿ ಹೊರಗೆ ಬೀಳುತ್ತಿತ್ತು.

ಲೈಪೋಸೋಮ್‌ಗೆ ಹೆಸರಿದೆ. 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಕ್ಯಾನ್ಸರ್ ಔಷಧ ಡಾಕ್ಸಿಲ್ ಇದೇ ಜಾತಿಯದು. ಆದರೆ ನಮ್ಮಲ್ಲಿ ದ್ರಾವಕ ಆರಿಸುವ ರೋಟರಿ ಇವ್ಯಾಪೊರೇಟರ್‌ಗೆ ಸರದಿ ಕಾಯಬೇಕು, ಗುಳ್ಳೆ ಕಟ್ಟುವ ಕೊಬ್ಬು ಲೆಸಿಥಿನ್ ಗಾಳಿಗೆ ಕೆಡುತ್ತದೆ. ನನಗೆ ಸರಿಹೋಗಲಿಲ್ಲ.

ಪಿಎಲ್‌ಜಿಎಯನ್ನೂ ಕರ್ಕ್ಯುಮಿನ್ನನ್ನೂ ಒಟ್ಟಿಗೆ ಅಸಿಟೋನಿನಲ್ಲಿ ಕರಗಿಸಿ, ಪಿವಿಎ (ಕಣಗಳು ಒಂದಕ್ಕೊಂದು ಅಂಟದಂತೆ ತಡೆಯುವ ಪಾಲಿವಿನೈಲ್ ಆಲ್ಕೋಹಾಲ್) ಬೆರೆಸಿದ ನೀರಿಗೆ ಬಿಟ್ಟರಾಯಿತು. ಅಸಿಟೋನ್ ನೀರಿಗೆ ಸೇರುತ್ತಿದ್ದಂತೆ ಪಾಲಿಮರ್ ಕಣ ಕಟ್ಟಿ ಔಷಧವನ್ನು ಒಳಗೇ ಹಿಡಿದುಕೊಳ್ಳುತ್ತದೆ. ರಾತ್ರಿಯೆಲ್ಲ ತಿರುಗಲು ಬಿಟ್ಟರೆ ಅಸಿಟೋನ್ ಆರುತ್ತದೆ. ಬಾಟಲಿ ಬದಲಾದರೂ ನನಗೆ ಕಣದ ಗಾತ್ರ 200 ನ್ಯಾನೋಮೀಟರ್ ಆಸುಪಾಸೇ ಬಂದಿದೆ. ಮೈಯೊಳಗೆ ಅದು ಲ್ಯಾಕ್ಟಿಕ್, ಗ್ಲೈಕೋಲಿಕ್ ಆಮ್ಲಗಳಾಗಿ ಒಡೆಯುತ್ತದೆ.

ಬೆಲೆ ನೋಡಿ ಹೆದರಬೇಡಿ. ನನ್ನ ಒಂದು ಬ್ಯಾಚಿಗೆ 50 ಮಿಲಿಗ್ರಾಂ ಸಾಕು, ಒಂದು ಗ್ರಾಂ ತರಿಸಿ ಜೂನಿಯರ್ ಜೊತೆ ಹಂಚಿಕೊಳ್ಳುತ್ತೇನೆ. ಫ್ರೀಜರಿಂದ ತೆಗೆದ ಬಾಟಲಿಯನ್ನು ತಣ್ಣಗಿರುವಾಗ ತೆರೆಯಲೇಬೇಡಿ. ತೇವ ಕೂತರೆ ಪಾಲಿಮರ್ ಒಳಗೊಳಗೇ ತುಂಡಾಗುತ್ತದೆ, ನಮ್ಮ ಮಳೆಗಾಲದಲ್ಲಂತೂ ಕೇಳಲೇಬೇಡಿ.

ಮೂಗಿಗೆ ಹಾಕುವ ಔಷಧವಾದರೆ ಕೈಟೋಸಾನ್‌ಗೇ ಹೋಗಿ, ಅದು ಲೋಳೆಪೊರೆಗೆ ಚೆನ್ನಾಗಿ ಅಂಟುತ್ತದೆ. ಆದರೆ ಇಡೀ ಪ್ರಾಜೆಕ್ಟಿಗೆ ಆಗುವಷ್ಟನ್ನು ಒಂದೇ ಲಾಟ್ ನಂಬರಿನಲ್ಲಿ (ಒಂದೇ ಸಲ ತಯಾರಾದ ಸರಕಿನ ಸಂಖ್ಯೆ) ಮೊದಲೇ ತರಿಸಿಕೊಳ್ಳಿ.