ದೊಡ್ಡ ಸಿಂಗಲ್ ಮಾರಿ ಟ್ವಿನ್ ತಂದೆ: ಮೂರು ಚಿಕ್ಕ ಸ್ಪೋರ್ಟ್ಸ್ ಬೈಕ್‌ಗಳ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎರಡು ಸಿಲಿಂಡರಿನ ಬೈಕಿಗೆ, ಅಂದರೆ ಟ್ವಿನ್‌ಗೆ. ಹೊಸದಾಗಿ ಕೊಂಡ ದೊಡ್ಡ ಸಿಂಗಲ್ ಸಿಲಿಂಡರ್ ಬೈಕನ್ನು ಹದಿನಾಲ್ಕು ತಿಂಗಳು ಓಡಿಸಿ, ನಷ್ಟಕ್ಕೆ ಮಾರಿ, ಸೆಕೆಂಡ್ ಹ್ಯಾಂಡ್ ಟ್ವಿನ್ ತಂದಿದ್ದೇನೆ. ಇವೆರಡರ ನಡುವೆ ಮೂರು ತಿಂಗಳು ತಮ್ಮನ 155 ಸಿಸಿ ಬೈಕೇ ನನ್ನ ದಿನದ ಗಾಡಿ. ಹೀಗೆ ಮೂರನ್ನೂ ಒಂದೇ ದಾರಿಯಲ್ಲಿ, ಒಂದೇ ಕೆಲಸಕ್ಕೆ, ಮಳೆಯಲ್ಲೂ ಬಿಸಿಲಲ್ಲೂ ಓಡಿಸಿದ್ದೇನೆ.

ಟಾಪ್ ಸ್ಪೀಡ್ ಎಷ್ಟು, ಟ್ಯಾಂಕ್ ಎಷ್ಟು ಲೀಟರ್ ಅನ್ನುವ ಲೆಕ್ಕ ಎಲ್ಲ ಕಡೆ ಸಿಗುತ್ತದೆ. ಅದು ಇಲ್ಲಿ ಬೇಡ. ನನ್ನ ಬಳಕೆ ಹೇಗಿದೆ ಅನ್ನುವುದು ಮಾತ್ರ ಗೊತ್ತಿರಲಿ. ದಿನಾ ಹೋಗಿ ಬರಲು 34 ಕಿಲೋಮೀಟರ್, ಅದರಲ್ಲಿ ಮುಕ್ಕಾಲು ಪಾಲು ಟ್ರಾಫಿಕ್. ವಾರಕ್ಕೆ ಎರಡು ಮೂರು ಸಲ ಹೆಂಡತಿ ಹಿಂದೆ ಕೂರುತ್ತಾಳೆ. ತಿಂಗಳಿಗೊಮ್ಮೆ ಬೆಳಿಗ್ಗೆ ಐದಕ್ಕೆ ಎದ್ದು, ತಿರುವುಗಳಿರುವ ಗುಡ್ಡದ ರಸ್ತೆ ಹಿಡಿಯುತ್ತೇನೆ. ಆ ಒಂದು ಬೆಳಿಗ್ಗೆಗೋಸ್ಕರವೇ ನನಗೆ ಸ್ಪೋರ್ಟ್ಸ್ ಬೈಕ್ ಬೇಕು.

ದೊಡ್ಡ ಸಿಂಗಲ್ ಅಂದರೆ 400 ಸಿಸಿಗೆ ಹತ್ತಿರ ಇರುವ ಒಂದೇ ಸಿಲಿಂಡರಿನ ಜಾತಿ. ಟೆಸ್ಟ್ ರೈಡಿನಲ್ಲಿ ಅದರ ಎಳೆತಕ್ಕೆ ಮರುಳಾದೆ. ಖಾಲಿ ರಸ್ತೆ, ಹತ್ತು ನಿಮಿಷ. ಮೂರನೇ ಗೇರಿನಲ್ಲಿ 5,000 ಆರ್‌ಪಿಎಂನಿಂದ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತಿನ ಲೆಕ್ಕ) ಥ್ರಾಟಲ್, ಅಂದರೆ ಆಕ್ಸಿಲರೇಟರ್, ತಿರುವಿದರೆ ಯಾರೋ ಹಿಂದಿನಿಂದ ನೂಕಿದ ಹಾಗೆ ಹೋಗುತ್ತಿತ್ತು. ಅದು ಸುಳ್ಳಲ್ಲ. ಈ ಗಾತ್ರದ ಗಾಡಿಗಳಲ್ಲಿ ನಡು ಆರ್‌ಪಿಎಂನ ದಮ್ಮು ನೋಡಿದರೆ ದೊಡ್ಡ ಸಿಂಗಲ್ಲೇ ಮುಂದು. ಆದರೆ 5,000ಕ್ಕಿಂತ ಕೆಳಗೆ ಅದು ಹೇಗಿರುತ್ತದೆ ಅಂತ ಆ ಹತ್ತು ನಿಮಿಷದಲ್ಲಿ ನಾನು ನೋಡಲೇ ಇಲ್ಲ.

ಮೊದಲ ವಾರದಲ್ಲೇ ಗೊತ್ತಾಯಿತು. ಎರಡನೇ ಗೇರ್, ಗಂಟೆಗೆ 20 ಕಿಲೋಮೀಟರ್, ಮುಂದೆ ಬಸ್ಸು. ಥ್ರಾಟಲ್ ಸ್ವಲ್ಪ ಬಿಟ್ಟರೆ ಗಾಡಿ ಗಕ್ಕನೆ ತಡೆಯುತ್ತದೆ. ಮತ್ತೆ ಕೂದಲೆಳೆಯಷ್ಟು ತಿರುವಿದರೆ ಮುಂದಕ್ಕೆ ಜಿಗಿಯುತ್ತದೆ. ಕೆಳಗೆ ಚೈನ್ ಹೋಗಿ ಹಿಂಚಕ್ರ ಹಿಡಿದಿರುವ ಸ್ವಿಂಗ್ ಆರ್ಮಿಗೆ ಬಡಿಯುವ ಟಕ್ ಟಕ್ ಸದ್ದು. ಹಿಂದೆ ಕೂತ ಹೆಂಡತಿಯ ಹೆಲ್ಮೆಟ್ ಬಂದು ನನ್ನ ಹೆಲ್ಮೆಟ್ಟಿಗೆ ಠಣ್ ಅಂತ ತಾಗುತ್ತದೆ. ಒಂದು ಸಂಜೆ ಅವಳೇ ಎಣಿಸಿದಳು. ಮನೆ ಮುಟ್ಟುವಷ್ಟರಲ್ಲಿ ಹನ್ನೊಂದು ಸಲ. ಮರುದಿನದಿಂದ ಅವಳು ಬಸ್ಸಿಗೆ ಹೋಗುತ್ತೇನೆ ಅಂದಳು.

ಯಾಕೆ ಹೀಗೆ ಅಂತ ಕೂತು ಲೆಕ್ಕ ಹಾಕಿದೆ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರೂ ಎರಡು ಸುತ್ತಿಗೆ ಒಂದು ಸಲ ಮಾತ್ರ ಉರಿಯುತ್ತದೆ. 3,000 ಆರ್‌ಪಿಎಂ ಅಂದರೆ ಸೆಕೆಂಡಿಗೆ 50 ಸುತ್ತು. ಸಿಂಗಲ್‌ನಲ್ಲಿ ಅಷ್ಟಕ್ಕೆ 25 ಉರಿತ, ಅಂದರೆ ಒಂದರಿಂದ ಇನ್ನೊಂದಕ್ಕೆ 40 ಮಿಲಿಸೆಕೆಂಡ್. ಅಷ್ಟು ಹೊತ್ತು ಎಂಜಿನ್ ಸುಮ್ನೆ ತನ್ನ ತಿರುಗುವ ವೇಗದಲ್ಲೇ ಸಾಗಬೇಕು. ಆರ್‌ಪಿಎಂ ಬೇಗ ಏರಲಿ ಅಂತ ಸ್ಪೋರ್ಟ್ಸ್ ಬೈಕಿನಲ್ಲಿ ಒಳಗಿನ ತಿರುಗುವ ಭಾಗಗಳನ್ನು ಹಗುರ ಮಾಡಿರುತ್ತಾರೆ, ಕಂಪ್ರೆಷನ್ ಜಾಸ್ತಿ ಇಟ್ಟಿರುತ್ತಾರೆ. ಹೀಗಾಗಿ ಪಿಸ್ಟನ್ ಮೇಲೇರಿ ಗಾಳಿಯನ್ನು ಅದುಮುವಾಗ ಎಂಜಿನ್ ತಡವರಿಸುತ್ತದೆ, ಉರಿದಾಗ ನುಗ್ಗುತ್ತದೆ. ಆ ನುಗ್ಗಾಟಕ್ಕೆ ಚೈನು ಒಮ್ಮೆ ಬಿಗಿ, ಒಮ್ಮೆ ಸಡಿಲ. 400ರ ಹತ್ತಿರದ ಸಿಲಿಂಡರ್ ಒಂದೇ ಏಟಿಗೆ ಉರಿಯುವುದರಿಂದ ಏಟೂ ದೊಡ್ಡದೇ.

ಸರ್ವಿಸ್ ಸೆಂಟರಿನಲ್ಲಿ ಕೇಳಿದರೆ, “ಈ ಗಾಡಿ ಇರೋದೇ ಹಾಗೆ ಸಾರ್, ಗೇರ್ ಇಳಿಸಿ ಓಡಿಸಿ” ಅಂದರು. ಇಳಿಸಿದೆ. ಮೊದಲನೇ ಗೇರಿನಲ್ಲಿ ಆರ್‌ಪಿಎಂ ಏರುತ್ತದೆ ನಿಜ, ಆದರೆ ಥ್ರಾಟಲ್ ಬಿಟ್ಟಾಗಿನ ತಡೆ ಇನ್ನೂ ಜೋರು. ಚೈನ್ ಸಡಿಲವನ್ನು ಸ್ವಿಂಗ್ ಆರ್ಮ್ ಮೇಲಿನ ಸ್ಟಿಕರ್ ಹೇಳಿದ ಅಳತೆಗೆ ತಂದೆ. ಥ್ರಾಟಲ್ ಕೇಬಲ್ಲಿನ ಸಡಿಲವನ್ನೂ ಕಡಿಮೆ ಮಾಡಿದೆ. ಸ್ವಲ್ಪ ಗುಣ ಕಂಡಿತು. ಸಿಟ್ಟಿನಲ್ಲಿ ಚೈನನ್ನು ಬೇಕಾದ್ದಕ್ಕಿಂತ ಬಿಗಿ ಮಾಡಬೇಡಿ. ಸಸ್ಪೆನ್ಷನ್ ಒತ್ತಿದಾಗ ಚೈನು ಇನ್ನೂ ಬಿಗಿಯಾಗಿ ಗೇರ್‌ಬಾಕ್ಸಿನ ಬೇರಿಂಗಿಗೇ ಪೆಟ್ಟು.

ಕೊನೆಗೆ ಚೈನ್ ಓಡುವ ಹಲ್ಲಿನ ಚಕ್ರವನ್ನು, ಅಂದರೆ ಮುಂದಿನ ಸ್ಪ್ರಾಕೆಟ್ಟನ್ನು, 15 ಹಲ್ಲಿನಿಂದ 14ಕ್ಕೆ ಇಳಿಸಿದೆ. ಇದರಿಂದ ಅದೇ ವೇಗಕ್ಕೆ ಎಂಜಿನ್ ಸುಮಾರು 7 ಶೇಕಡ ಜಾಸ್ತಿ ತಿರುಗುತ್ತದೆ. 3,000 ಇದ್ದಲ್ಲಿ 3,200. ಜಗ್ಗಾಟ ಪೂರ್ತಿ ಹೋಗಲಿಲ್ಲ, ಅದು ಶುರುವಾಗುವ ವೇಗ ಗಂಟೆಗೆ ಒಂದೂವರೆ ಕಿಲೋಮೀಟರಿನಷ್ಟು ಕೆಳಕ್ಕೆ ಸರಿಯಿತು ಅಷ್ಟೆ. ಹೆದ್ದಾರಿಯಲ್ಲಿ ಮಾತ್ರ ಹ್ಯಾಂಡಲ್ಲಿನ ನಡುಕ ಜಾಸ್ತಿಯಾಗಿ ಬೆರಳು ಜೋಮು ಹಿಡಿಯತೊಡಗಿತು. ಉಳಿದದ್ದು ಒಂದೇ ದಾರಿ. ಟ್ರಾಫಿಕ್ಕಿನಲ್ಲಿ ಉದ್ದಕ್ಕೂ ಕ್ಲಚ್ಚನ್ನು ಅರ್ಧ ಹಿಡಿದೇ ಓಡಿಸುವುದು. ಒಂಬತ್ತು ತಿಂಗಳು ಹಾಗೇ ಓಡಿಸಿದೆ. ಎಡಗೈಯ ಎರಡು ಬೆರಳ ಬುಡ ಬೆಳಿಗ್ಗೆ ಎದ್ದಾಗ ಮಡಚಲು ಬಾರದಷ್ಟು ಬಿಗಿಯುತ್ತಿತ್ತು. ಆಮೇಲೆ ಮಾರಿದೆ.

ನ್ಯಾಯವಾಗಿ ಹೇಳಬೇಕಂದರೆ ಇದು ಆ ಗಾಡಿಯ ಕೆಡುಕಲ್ಲ, ಅದರ ಸ್ವಭಾವ. ಗುಡ್ಡದ ರಸ್ತೆಯಲ್ಲಿ, 6,000ದ ಮೇಲೆ, ಒಂದು ತಿರುವಿನಿಂದ ಇನ್ನೊಂದಕ್ಕೆ ಎಗರುವಾಗ ಅದರಷ್ಟು ಖುಷಿ ಕೊಟ್ಟ ಗಾಡಿ ನನ್ನ ಬಳಿ ಬೇರೆ ಇರಲಿಲ್ಲ. ದಿನಾ ಅಂಥ ರಸ್ತೆಯಲ್ಲೇ ಓಡಾಡುವವರು ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು.

ಈಗ ಟ್ವಿನ್. ಕವಾಸಾಕಿ ನಿಂಜಾ 300 (296 ಸಿಸಿ), ಯಮಹಾ ಆರ್3 (321 ಸಿಸಿ) ಇವೆಲ್ಲ ಈ ಜಾತಿ. ಈ ಜಗಳ ಹಳೆಯದು. 2011ರಲ್ಲಿ ಹೋಂಡಾ ಸಿಬಿಆರ್250ಆರ್ ಅನ್ನು ಒಂದೇ ಸಿಲಿಂಡರಿನಲ್ಲಿ ತಂದಾಗ ಎದುರಿಗೆ ಇದ್ದದ್ದು ಎರಡು ಸಿಲಿಂಡರಿನ ನಿಂಜಾ 250. ನಡು ಆರ್‌ಪಿಎಂ ಬೇಕೋ ಮೇಲಿನ ಓಟ ಬೇಕೋ ಅನ್ನುವ ಪ್ರಶ್ನೆ ಆಗಲೂ ಇದೇ. 2017ರಲ್ಲಿ ಶುರುವಾದ ಸೂಪರ್‌ಸ್ಪೋರ್ಟ್ 300 ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸಿಂಗಲ್ಲು ಟ್ವಿನ್ನು ಎರಡನ್ನೂ ಒಟ್ಟಿಗೆ ಬಿಟ್ಟು, ಆರ್‌ಪಿಎಂ ಮಿತಿ, ತೂಕದ ನಿಯಮ ಹಾಕಿ ಸಮ ಮಾಡಬೇಕಾಯಿತು. ನಮ್ಮ ರಸ್ತೆಗೆ ಅಂಥ ನಿಯಮ ಇಲ್ಲ, ಅವರವರ ಕೈಗೆ ಹೊಂದಿದ್ದೇ ಸರಿ.

ಟ್ವಿನ್ ತಂದ ದಿನ ಮಾಡಿದ ಮೊದಲ ಪರೀಕ್ಷೆ ಅದೇ ಬಸ್ಸಿನ ಹಿಂದೆ, ಎರಡನೇ ಗೇರಿನಲ್ಲಿ. ಥ್ರಾಟಲ್ ಬಿಟ್ಟೆ, ಮೆಲ್ಲಗೆ ನಿಧಾನವಾಯಿತು. ಕೊಟ್ಟೆ, ಮೆಲ್ಲಗೆ ಮುಂದೆ ಹೋಯಿತು. ಸದ್ದಿಲ್ಲ, ಜಗ್ಗಾಟವಿಲ್ಲ. ಅದೇ 3,000 ಆರ್‌ಪಿಎಂನಲ್ಲಿ ಇಲ್ಲಿ ಸೆಕೆಂಡಿಗೆ 50 ಉರಿತ, ಒಂದೊಂದೂ 160 ಸಿಸಿಯ ಚಿಕ್ಕ ಏಟು. ಈ ಎಂಜಿನ್‌ಗಳ ಕ್ರ್ಯಾಂಕ್ 180 ಡಿಗ್ರಿಯದು, ಅಂದರೆ ಒಂದು ಪಿಸ್ಟನ್ ಮೇಲಿದ್ದಾಗ ಇನ್ನೊಂದು ಕೆಳಗೆ, ಹಾಗಾಗಿ ಏಟು ಸಮವಾಗಿ ಬೀಳುವುದಿಲ್ಲ. ಒಂದರ ಹಿಂದೆ ಇನ್ನೊಂದು 10 ಮಿಲಿಸೆಕೆಂಡಿಗೆ, ಆಮೇಲೆ 30 ಮಿಲಿಸೆಕೆಂಡ್ ಬಿಡುವು. ಆದರೂ ಕೈಗೆ ಗೊತ್ತಾಗುವುದು ಸಣ್ಣ ಗುನುಗು ಮಾತ್ರ. ಹೆಂಡತಿ ಎರಡು ದಿನ ನೋಡಿ ಬಸ್ ಪಾಸ್ ನಿಲ್ಲಿಸಿದಳು.

ಕೊರತೆ ಇಲ್ಲ ಅಂತಲ್ಲ. 6,000ದ ಕೆಳಗೆ ಇದರಲ್ಲಿ ಅಂಥ ದಮ್ಮಿಲ್ಲ. ಲಾರಿ ದಾಟಬೇಕೆಂದರೆ ಎರಡು ಗೇರ್ ಇಳಿಸಲೇಬೇಕು. ಮೊದಲ ತಿಂಗಳು ಇದು ಬೇಸರ ಅನ್ನಿಸಿತು. ಆಮೇಲೆ ಪಾದ ತಾನೇ ಕಲಿತುಕೊಂಡಿತು. 9,000 ದಾಟಿದ ಮೇಲೆ ಅದು ಹಾಡುತ್ತಾ ಏರುವ ಪರಿಗೆ ಗೇರ್ ಇಳಿಸುವ ನೆಪ ಹುಡುಕುತ್ತೇನೆ ಈಗ.

155 ಸಿಸಿ ಬಗ್ಗೆ ನನಗೆ ನಿಜವಾದ ಮಮತೆ ಇದೆ. 2008ರಲ್ಲಿ ಯಮಹಾ ಆರ್15 ಬಂದಾಗ 150 ಸಿಸಿಯಲ್ಲಿ ಲಿಕ್ವಿಡ್ ಕೂಲಿಂಗು, ಆರು ಗೇರು, ಡೆಲ್ಟಾಬಾಕ್ಸ್ ಅನ್ನುವ ಗಟ್ಟಿ ಫ್ರೇಮು ಎಲ್ಲ ಒಟ್ಟಿಗೆ ಕೊಟ್ಟಿತು. ಮುಂದೆ 155 ಸಿಸಿ ಆದಾಗ 7,400 ಆರ್‌ಪಿಎಂನಲ್ಲಿ ವಾಲ್ವನ್ನು (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ತೆರೆಯುವ ಕ್ಯಾಮ್ ಬದಲಾಯಿಸುವ ವಿವಿಎ ಅನ್ನುವ ಏರ್ಪಾಡು ಸೇರಿತು. ತಮ್ಮನ ಗಾಡಿ ಅದೇ. ಒಂದೇ ಸಿಲಿಂಡರ್ ಆದರೂ ಏಟು ಚಿಕ್ಕದಲ್ವಾ, ಜಗ್ಗಾಟ ಹೆಚ್ಚೇನಿಲ್ಲ. ಟ್ರಾಫಿಕ್ಕಿನಲ್ಲಿ ಮೂರರಲ್ಲೂ ಸಲೀಸು ಇದೇ. ತಿರುವಿಗೆ ಮನಸ್ಸು ಮಾಡಿದರೆ ಸಾಕು, ಗಾಡಿ ಆಗಲೇ ಒಳಗೆ ವಾಲಿರುತ್ತದೆ. ನಾನು ಬಿಟ್ಟಿದ್ದು ಎರಡೇ ಕಾರಣಕ್ಕೆ. ಇಬ್ಬರು ಕೂತು ಗುಡ್ಡ ಹತ್ತುವಾಗ ಉಸಿರು ಕಟ್ಟುತ್ತದೆ. ಎತ್ತರದ ಹಿಂದಿನ ಸೀಟಿನಲ್ಲಿ ಹೆಂಡತಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಒಬ್ಬರೇ ಓಡಾಡುವವರಾದರೆ ನನ್ನ ಮಾತು ಕೇಳಬೇಡಿ, ಇದನ್ನೇ ತನ್ನಿ.

ಮಣಿಕಟ್ಟಿನ ನೋವು ಮೂರರಲ್ಲೂ ಇದೆ, ಟ್ವಿನ್ನಿನಲ್ಲಿ ಕಡಿಮೆ. ಅದರ ಹ್ಯಾಂಡಲ್ ಉಳಿದೆರಡಕ್ಕಿಂತ ತುಸು ಮೇಲಿದೆ. ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿದು, ಬೆನ್ನಿನ ಮೇಲೆ ಭಾರ ಹಾಕಿದರೆ ಎಲ್ಲದರಲ್ಲೂ ಅರ್ಧ ನೋವು ಇಳಿಯುತ್ತದೆ.

ಬಿಸಿ: ದೊಡ್ಡ ಸಿಂಗಲ್‌ನ ಫ್ಯಾನ್ ಸಿಗ್ನಲ್ಲಿನಲ್ಲಿ ತಿರುಗಿದರೆ ಬಲ ಮೊಣಕಾಲು ಬೇಯುತ್ತಿತ್ತು.

ಮೈಲೇಜ್: ಚಿಕ್ಕದರ ಹತ್ತಿರ ಯಾವುದೂ ಬರುವುದಿಲ್ಲ.

ಬ್ರೇಕು: ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಏರ್ಪಾಡು) ಇಲ್ಲದ ಹಳೆಯ ಟ್ವಿನ್‌ಗಳೂ ಮಾರಾಟಕ್ಕೆ ಬರುತ್ತವೆ. ಕಡಿಮೆಗೆ ಸಿಕ್ಕರೂ ಬೇಡ.

ಖರ್ಚಿನ ಮಾತು ಸ್ವಲ್ಪ ವಿವರವಾಗಿಯೇ ಹೇಳಬೇಕು, ಟ್ವಿನ್ ಕಚ್ಚುವುದು ಅಲ್ಲೇ. ಎರಡು ಪ್ಲಗ್, ಎಂಟು ವಾಲ್ವು. ಸಿಂಗಲ್‌ನಲ್ಲಿ ನಾಲ್ಕು ವಾಲ್ವಿನ ಗ್ಯಾಪ್ ನೋಡಿದರೆ ಮುಗಿಯಿತು, ಇಲ್ಲಿ ಎಂಟು. ಅದಕ್ಕೂ ಮೊದಲು ಫೇರಿಂಗ್ (ಗಾಡಿಯ ಪ್ಲಾಸ್ಟಿಕ್ ಹೊದಿಕೆ) ಬಿಚ್ಚಬೇಕು, ಟ್ಯಾಂಕ್ ಎತ್ತಬೇಕು. ನಾನೇ ಒಮ್ಮೆ ಏರ್ ಫಿಲ್ಟರ್ ನೋಡಲು ಬಿಚ್ಚಿದಾಗ ಬೋಲ್ಟು, ಕ್ಲಿಪ್ಪು ಎಲ್ಲ ಸೇರಿ ಒಂದು ಊಟದ ತಟ್ಟೆ ತುಂಬಿತ್ತು. ಯಾವುದು ಎಲ್ಲಿಯದು ಅಂತ ಗೊತ್ತಾಗಲು ರಟ್ಟಿನ ಮೇಲೆ ಬೈಕಿನ ಚಿತ್ರ ಬರೆದು ಅದರಲ್ಲೇ ಚುಚ್ಚಿಟ್ಟೆ. ನೀವೂ ಹಾಗೇ ಮಾಡಿ, ಕೊನೆಯಲ್ಲಿ ಒಂದು ಬೋಲ್ಟ್ ಉಳಿಯುವ ಕಾಟ ತಪ್ಪುತ್ತದೆ.

ಹೊಸ ಟ್ವಿನ್ ನನ್ನ ಕೈಗೆ ಎಟುಕುತ್ತಿರಲಿಲ್ಲ. ಹಳೆಯದು ಕೊಳ್ಳುವಾಗ ನಾನು ನೋಡಿದ್ದು ಹ್ಯಾಂಡಲ್ಲಿನ ತುದಿ ಮತ್ತು ಫುಟ್‌ಪೆಗ್ ತುದಿಯ ಗೀರು, ಫೋರ್ಕ್ ಸೀಲಿನ ಸುತ್ತ ಎಣ್ಣೆಯ ಗೆರೆ, ಫೇರಿಂಗ್ ಒಳಗಿನ ಬೆಸುಗೆ. ಆಮೇಲೆ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿದೆ, ಸ್ಟಾರ್ಟಿನ ತೊಂದರೆ ಇದ್ದರೆ ಆಗಲೇ ಕಾಣುವುದು. ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದ ಒಂದು ಗಾಡಿಯನ್ನು ಬಿಟ್ಟು ಬಂದೆ.

ಯಾವುದನ್ನೇ ಕೊಳ್ಳಿ, ಟೆಸ್ಟ್ ರೈಡನ್ನು ಖಾಲಿ ರಸ್ತೆಯಲ್ಲಿ ಮುಗಿಸಬೇಡಿ. ದಿನಾ ಹಿಂದೆ ಕೂರುವವರನ್ನೇ ಕೂರಿಸಿಕೊಂಡು, ಎರಡನೇ ಗೇರಿನಲ್ಲಿ 20ರ ವೇಗದಲ್ಲಿ ಐದು ನಿಮಿಷ ಓಡಿಸಿ. ನನ್ನ ಟ್ವಿನ್ನಿಗೆ ಬರುವ ತಿಂಗಳು ಆ ಎಂಟು ವಾಲ್ವಿನ ಕೆಲಸ ಇದೆ. ಅದಕ್ಕೆ ದುಡ್ಡು ಬೇರೆ ಎತ್ತಿಟ್ಟಿದ್ದೇನೆ.