ಡೀಸೆಲ್ ಕಾರು ಮಿಸ್ ಹೊಡೆಯುತ್ತಿದೆಯೇ? ಪಂಪ್ ಬಿಚ್ಚಲು ಒಪ್ಪುವ ಮುನ್ನ ಓದಿ

ಹಳೆಯ ಡೀಸೆಲ್ ಕಾರಿನ ಇಂಜಿನ್ ಮಿಸ್ ಹೊಡೆಯತೊಡಗಿದರೆ, ಅಂದರೆ ಒಂದು ಸಿಲಿಂಡರಿನಲ್ಲಿ ಡೀಸೆಲ್ ಸರಿಯಾಗಿ ಉರಿಯದೆ ಇಂಜಿನ್ ಕುಂಟತೊಡಗಿದರೆ, ಗ್ಯಾರೇಜಿನವರನ್ನು ಮೊದಲು ಕೇಳಿ: ಯಾವ ಸಿಲಿಂಡರ್? ಅದಕ್ಕೆ ಉತ್ತರ ಕೊಡದೆ ಬಿಡಿಭಾಗ ಬದಲಿಸಲು ಹೊರಟರೆ ಕಾರನ್ನು ಅಲ್ಲಿ ಬಿಡಬೇಡಿ.

ನನ್ನ ಕಾರು ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನಡುಗುತ್ತಿತ್ತು. ಬಿಳಿ ಹೊಗೆ, ಜೊತೆಗೆ ಕಣ್ಣುರಿಸುವ ಹಸಿ ಡೀಸೆಲ್ ವಾಸನೆ. ಬಿಸಿಯಾದ ಮೇಲೆ ಹೊಗೆ ಕಡಿಮೆಯಾದರೂ ಕುಂಟುವುದು ನಿಲ್ಲುತ್ತಿರಲಿಲ್ಲ. ಗ್ಯಾರೇಜಿನವರು ಹೀಟರ್ ಪ್ಲಗ್‌ಗಳನ್ನೆಲ್ಲ ಬದಲಿಸಿದರು. ಹೀಟರ್ ಪ್ಲಗ್ ಬೇಕಾಗುವುದು ತಣ್ಣಗಿರುವ ಇಂಜಿನ್ನಿಗೆ. ಬಿಸಿ ಇಂಜಿನ್ ಮಿಸ್ ಹೊಡೆದರೆ ಅದನ್ನು ದೂರಿ ಫಲವಿಲ್ಲ. ಆಮೇಲೆ ಸಿಲಿಂಡರುಗಳಿಗೆ ಡೀಸೆಲ್ ಒತ್ತುವ ಪಂಪ್ ಕೆಟ್ಟಿದೆ ಎಂದು ಬಿಚ್ಚಿ ಕ್ಯಾಲಿಬ್ರೇಷನ್‌ಗೆ (ಅಳತೆ ಸರಿಹೊಂದಿಸಲು) ಕಳುಹಿಸಿದರು. ಪಂಪ್ ಮರಳಿ ಬಂತು, ಮಿಸ್ ಹಾಗೆಯೇ ಉಳಿಯಿತು. "ಹಳೆಯ ಗಾಡಿ, ಇಷ್ಟೇ" ಎಂದರು. ಆ ಮಾತು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಬೇರೊಬ್ಬ ಮೆಕ್ಯಾನಿಕ್ ಇಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗಲೇ ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ನಾಜಲ್‌ಗೆ ಹೋಗುವ ಪೈಪಿನ ನಟ್‌ಗಳನ್ನು ಒಂದೊಂದಾಗಿ ತುಸು ಸಡಿಲಿಸಿ ಮತ್ತೆ ಬಿಗಿಯುತ್ತಾ ಹೋದರು. ಒಂದು, ಎರಡು, ನಾಲ್ಕು ಸಡಿಲಿಸಿದಾಗಲೆಲ್ಲ ಇಂಜಿನ್ನಿನ ಸದ್ದು ಕುಸಿದು ನಡುಕ ಹೆಚ್ಚಿತು. ಮೂರರಲ್ಲಿ ಡೀಸೆಲ್ ಜಿನುಗಿತು, ಸದ್ದು ಮಾತ್ರ ಬದಲಾಗಲೇ ಇಲ್ಲ. ಸತ್ತಿರುವುದು ಆ ಸಿಲಿಂಡರ್ ಎಂಬುದೂ ಅದಕ್ಕೆ ಡೀಸೆಲ್ ಬರುತ್ತಿದೆ ಎಂಬುದೂ ಒಟ್ಟಿಗೇ ತಿಳಿಯಿತು. ಎರಡು ಮತ್ತು ಮೂರರ ನಾಜಲ್‌ಗಳನ್ನು ಹೊಸ ತಾಮ್ರದ ವಾಷರ್ ಹಾಕಿ ಅದಲುಬದಲು ಮಾಡಿದರು. ಮಿಸ್ ನಾಜಲ್ ಜೊತೆ ಹೋಗದೆ ಮೂರರಲ್ಲೇ ನಿಂತಿತು, ಅಂದರೆ ತಪ್ಪು ನಾಜಲ್‌ನದಲ್ಲ. ಸಿಲಿಂಡರಿನೊಳಗಿನ ಗಾಳಿಯ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಉಳಿದವುಗಳಲ್ಲಿ ಹೆಚ್ಚುಕಡಿಮೆ 28 ಬಾರ್ ತೋರಿಸಿದರೆ ಮೂರರಲ್ಲಿ 20 ದಾಟಲಿಲ್ಲ. ಆ ಒತ್ತಡ ಸಾಲದಿದ್ದರೆ ಡೀಸೆಲ್ ಸರಿಯಾಗಿ ಹೊತ್ತಿಕೊಳ್ಳುವುದಿಲ್ಲ. ಟ್ಯಾಪೆಟ್ ಕವರ್ ತೆಗೆದು ನೋಡಿದರೆ, ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್‌ಗೂ ಅದನ್ನು ಒತ್ತಿ ತೆರೆಯುವ ಟ್ಯಾಪೆಟ್‌ಗೂ ನಡುವೆ ಇರಬೇಕಾದ ಸಂದಿನಲ್ಲಿ, ಸಂದು ಅಳೆಯುವ ಫೀಲರ್ ಗೇಜಿನ ಅತಿ ತೆಳುವಾದ ಪಟ್ಟಿಯೂ ನುಸುಳಲಿಲ್ಲ.

ಸಂದೇ ಇಲ್ಲದ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಮುಚ್ಚಿ ತನ್ನ ಸೀಟಿಗೆ ಕೂತಾಗಲೇ ಅದರ ಬಿಸಿ ಹೆಡ್‌ಗೆ, ಅಂದರೆ ಸಿಲಿಂಡರುಗಳ ಮೇಲಿನ ಲೋಹದ ಮುಚ್ಚಳಕ್ಕೆ, ಇಳಿಯಬೇಕು. ಹಾಗಾಗದೆ ಅಂಚು ಸುಟ್ಟುಹೋಗುತ್ತದೆ. ಆರಂಭದಲ್ಲೇ ನೋಡಿದ್ದರೆ ಬಹುಶಃ ಟ್ಯಾಪೆಟ್ ಹೊಂದಿಸಿದರೆ ಮುಗಿಯುತ್ತಿತ್ತು. ಪಂಪಿನ ಹಿಂದೆ ಕಳೆದ ಕಾಲದಲ್ಲಿ ವಾಲ್ವ್ ಸುಟ್ಟು, ಹೆಡ್ ಇಳಿಸಬೇಕಾಯಿತು. ಉರಿಯದ ಡೀಸೆಲ್ ಆಯಿಲ್‌ಗೆ ಇಳಿದಿತ್ತು: ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಮೇಲಿನ ಗೆರೆ ದಾಟಿ, ಬೆರಳಿಗೆ ಹಚ್ಚಿ ಮೂಸಿದರೆ ಡೀಸೆಲ್ ಬಂಕಿನ ವಾಸನೆ. ಆ ಆಯಿಲ್‌ನಲ್ಲೇ ಗಾಡಿ ಓಡಿಸಿದರೆ ಬೇರಿಂಗ್‌ಗಳೂ ಸವೆಯುತ್ತವೆ.

ನಟ್ ಸಡಿಲಿಸುವ ಪರೀಕ್ಷೆ ಪಂಪಿನಿಂದಲೇ ಪ್ರತಿ ಸಿಲಿಂಡರಿಗೂ ಬೇರೆ ಪೈಪ್ ಹೋಗುವ ಹಳೆಯ ಇಂಜಿನ್ನಿಗೆ ಮಾತ್ರ. ಎಲ್ಲ ನಾಜಲ್‌ಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಹಂಚುವ ಹೊಸ ಬಗೆಯ ಕಾಮನ್ ರೈಲ್‌ನಲ್ಲಿ ಒತ್ತಡ 1,000 ಬಾರ್ ಮೀರಬಲ್ಲದು. ಇಂಜಿನ್ ಓಡುವಾಗ ಅಲ್ಲಿನ ನಟ್ ಮುಟ್ಟಲೇಬಾರದು. ಹಳೆಯದರಲ್ಲೂ ಕನ್ನಡಕ, ಕೈಗವಸು, ನಟ್ ಮೇಲೆ ದಪ್ಪ ಬಟ್ಟೆ ಬೇಕು. ಚಿಮ್ಮಿದ ಡೀಸೆಲ್ ಚರ್ಮದೊಳಗೆ ಹೊಕ್ಕರೆ ಸೂಜಿ ಚುಚ್ಚಿದಷ್ಟೇ ಕಲೆ ಕಾಣಬಹುದು, ಮೊದಲಿಗೆ ನೋವೂ ಇರದಿರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಿ, ಒತ್ತಡದ ಡೀಸೆಲ್ ಒಳಹೊಕ್ಕಿದೆ ಎಂದು ವೈದ್ಯರಿಗೆ ಬಿಡಿಸಿ ಹೇಳಿ.