ಆಗತಾನೆ ತುಪ್ಪಟ ಕತ್ತರಿಸಿದ ಟಗರು ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಸಂತೆಯಲ್ಲಿ ತುಪ್ಪಟ ಬೋಳಿಸಿ, ಮೈತುಂಬ ಎಣ್ಣೆ ಸವರಿ, ಮಿಂಚುವ ಹಾಗೆ ಮಾಡಿ ನಿಲ್ಲಿಸಿದ ಟಗರು ಕಂಡರೆ ಬೆಲೆ ಕೇಳುವ ಮುಂಚೆ ಅದರ ಚರ್ಮ ನೋಡಿ. ನಮ್ಮ ಮನೆಯ ಮಂದೆಗೆ ಕಜ್ಜಿ ಹೊಕ್ಕಿದ್ದು ಅಂಥ ಒಂದು ಟಗರಿನಿಂದ. ಕಜ್ಜಿ ತಾನೇ, ಎಣ್ಣೆ ಹಚ್ಚಿದರೆ ಹೋಗುತ್ತದೆ ಎನ್ನುವವರು ನಮ್ಮ ಕಡೆ ಇನ್ನೂ ಬಹಳ ಮಂದಿ ಇದ್ದಾರೆ. ಆ ಚಳಿಗಾಲ ನಮ್ಮ ಹಟ್ಟಿಯಲ್ಲಿ ಹಾಲೂಡುತ್ತಿದ್ದ ಕುರಿಗಳು ಹೇಗೆ ಬಡಕಲಾಗಿ ಬಿದ್ದವು ಎಂಬುದನ್ನು ಅವರು ನೋಡಬೇಕಿತ್ತು.

ನಮ್ಮದು ಬಳ್ಳಾರಿ ತಳಿಯ ಕುರಿಗಳು. ಮಂದೆ ನೋಡಿಕೊಳ್ಳುವುದು ದೊಡ್ಡಪ್ಪ. ಬೀಜದ ಟಗರಿಗಾಗಿ ಸಂತೆಗೆ ಹೋದಾಗ ದಲ್ಲಾಳಿಯೊಬ್ಬ ಎತ್ತರದ, ಎದೆಯಗಲದ ಟಗರು ತೋರಿಸಿದ. "ಮಳಿ ನಿಂತೇತಲ್ರೀ ಯಜಮಾನ್ರ, ಅದಕ್ಕ ತುಪ್ಪಟ ತಗದೀವಿ. ಹೇನು ಹತ್ತಬಾರದು ಅಂತ ಹೊಂಗಿ ಎಣ್ಣಿ ಸವರೀವಿ" ಅಂದ. ಕೇಳಿದವರಿಗೆ ಅನುಮಾನ ಬರುವ ಮಾತೇ ಅಲ್ಲ ಅದು. ಮಳೆ ನಿಂತ ಮೇಲೆ ಉಣ್ಣೆ ತೆಗೆಯುವುದು ಎಲ್ಲ ಕಡೆ ಇದ್ದದ್ದೇ. ಆದರೆ ಅವನಿಗೆ ವಿಷಯ ಗೊತ್ತಿತ್ತು ಎಂದೇ ನನ್ನ ನಂಬಿಕೆ. ಆಮೇಲೆ ಡಾಕ್ಟರು ಟಗರಿನ ಕಿವಿ ಮಡಚಿ ತೋರಿಸಿದಾಗ ಒಳಗೆ ಹಳೆಯ ಹಕ್ಕಳೆ ಪದರ ಪದರವಾಗಿ ಕೂತಿತ್ತು. ಮೈಮೇಲಿನ ಗುರುತನ್ನೆಲ್ಲ ಕತ್ತರಿ ಒಯ್ದಿತ್ತು, ಉಳಿದದ್ದನ್ನು ಎಣ್ಣೆ ಮುಚ್ಚಿತ್ತು.

ಈ ಕಜ್ಜಿ ತರುವುದು ಸೊರೊಪ್ಟಿಸ್ ಓವಿಸ್ ಎಂಬ ನುಸಿ. ಉದ್ದ ಒಂದು ಮಿಲಿಮೀಟರಿಗಿಂತ ಕಡಿಮೆ. ಚರ್ಮ ಕೊರೆದು ಒಳಗೆ ಹೋಗುವುದಿಲ್ಲ. ತುಪ್ಪಟದ ಬುಡದಲ್ಲಿ, ಚರ್ಮದ ಮೇಲೆಯೇ ಇರುತ್ತದೆ. ಚರ್ಮವನ್ನು ಹೆಚ್ಚು ಕೆಡಿಸುವುದು ಅದರ ಹಿಕ್ಕೆ. ಹಿಕ್ಕೆಯಲ್ಲಿರುವ ವಸ್ತುಗಳು ಕುರಿಯ ಮೈಗೆ ಒಗ್ಗದೆ ಚರ್ಮ ಕೆಂಪಾಗಿ ಊದಿ, ನೀರು ಒಸರತೊಡಗುತ್ತದೆ. ಆ ನೀರೇ ನುಸಿಗೆ ಆಹಾರ. ಒಸರಿದ್ದು ಒಣಗಿ ಹಳದಿ ಹಕ್ಕಳೆಯಾದ ಮೇಲೆ ನಡುವಿನ ಒಣ ಜಾಗ ಬಿಟ್ಟು ಅಂಚಿನ ಹಸಿ ಚರ್ಮಕ್ಕೆ ನುಸಿ ಸರಿಯುತ್ತದೆ. ಹೀಗೆ ಗಾಯ ಸುತ್ತಲೂ ಅಗಲವಾಗುತ್ತ ಹೋಗುತ್ತದೆ. ಮೊಟ್ಟೆಯೊಂದು ಬೆಳೆದು ತಾನೂ ಮೊಟ್ಟೆಯಿಡಲು ಎರಡು ವಾರ ಸಾಕು. ಆದರೂ ಮೊದಲ ಕೆಲವು ವಾರ ಹೊರಗೆ ಏನೂ ಕಾಣುವುದಿಲ್ಲ. ಚೆನ್ನಾಗಿ ಕಾಣುವ ಕುರಿಯೇ ಪಕ್ಕದ್ದಕ್ಕೆ ಅಂಟಿಸುತ್ತಿರುತ್ತದೆ.

ನಮ್ಮಲ್ಲಿ ಆದದ್ದೂ ಹಾಗೆಯೇ. ಟಗರು ಬಂದು ಕುರಿಗಳ ಜೊತೆ ಬೆರೆಯಿತು, ಮೇಯಿತು, ಯಾರಿಗೂ ಏನೂ ಅನಿಸಲಿಲ್ಲ. ಕಾರ್ತಿಕದ ಚಳಿ ಬಿದ್ದ ಮೇಲೆ ಕುರಿಗಳು ಹಟ್ಟಿಯ ಕಲ್ಲಿಗೆ ಮೈ ಉಜ್ಜತೊಡಗಿದವು. ಹಿಂದಿನ ಕಾಲೆತ್ತಿ ಪಕ್ಕೆ ಕೆರೆದುಕೊಳ್ಳುವುದು, ಕತ್ತು ತಿರುಗಿಸಿ ಹಲ್ಲಿನಿಂದ ತುಪ್ಪಟ ಕೀಳುವುದು. ಜಾಲಿ ಮುಳ್ಳಿಗೆಲ್ಲ ಉಣ್ಣೆಯ ಎಳೆ. ಭುಜ, ಬೆನ್ನು, ಪಕ್ಕೆಯ ಮೇಲೆ ತುಪ್ಪಟ ಒದ್ದೆಯಾಗಿ ಅಂಟಂಟಾಯಿತು, ಆಮೇಲೆ ಹಕ್ಕಳೆ ಸಮೇತ ಕಳಚಿ ಬಿತ್ತು. ತುರಿಕೆಯ ಕಾಟಕ್ಕೆ ಕುರಿ ನೆಮ್ಮದಿಯಾಗಿ ಮೇಯುವುದಿಲ್ಲ, ಮಲಗಿ ಮೆಲುಕು ಹಾಕುವುದಿಲ್ಲ. ತಾಯಿಯ ಹಾಲು ಇಳಿಯಿತು, ಮರಿಗಳು ಸೊರಗಿದವು. ಕೆಲವು ಮರಿ ಸತ್ತದ್ದು ಕಜ್ಜಿಯಿಂದಲ್ಲ, ಹಸಿವಿನಿಂದ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಈ ಬರಹ ಬರೆಯುತ್ತಿರುವುದೂ ಮುಖ್ಯವಾಗಿ ಅದಕ್ಕೆ. ಪೇಟೆಯ ಕೀಟನಾಶಕದ ಅಂಗಡಿಯವನು ಹತ್ತಿ ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿ ಕೊಟ್ಟು, "ನೀರಾಗ ಹಾಕಿ ಮೈ ತೊಳೀರಿ, ನಾಕು ದಿನದಾಗ ಎಲ್ಲಾ ಸಾಫ್. ಈ ಭಾಗದ ಕುರಿಯವರೆಲ್ಲಾ ಇದನ್ನ ಒಯ್ತಾರ" ಎಂದು ಹೇಳಿ ಕಳಿಸಿದ. ಕುರಿಗಳ ಮೈಯೆಲ್ಲ ಹಸಿ ಗಾಯ. ಅಂಥ ಚರ್ಮ ವಿಷವನ್ನು ಬೇಗ ಹೀರಿಕೊಳ್ಳುತ್ತದೆ. ಸಂಜೆಯ ಹೊತ್ತಿಗೆ ಬಾಯಲ್ಲಿ ಜೊಲ್ಲು ಸುರಿಯತೊಡಗಿತು, ಮೈ ನಡುಗಿತು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಯಿತು, ಉಸಿರು ಗೊರಗೊರ ಅನ್ನತೊಡಗಿತು. ಅದು ಆರ್ಗನೋಫಾಸ್ಫೇಟ್ ಗುಂಪಿನ ವಿಷ. ಪಶುವೈದ್ಯರು ರಾತ್ರಿಯೇ ಬಂದು ಅಟ್ರೋಪಿನ್ ಕೊಟ್ಟದ್ದರಿಂದ ಕೆಲವು ಉಳಿದವು, ಕೆಲವು ಉಳಿಯಲಿಲ್ಲ. ತೊಳೆಯುತ್ತಿದ್ದ ದೊಡ್ಡಪ್ಪನಿಗೂ ತಲೆ ಸುತ್ತು, ವಾಂತಿ. ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಬೆಳೆಯ ಔಷಧಿಯನ್ನು ಕುರಿಗೆ ಹಚ್ಚಿ ಎಂದು ಯಾವ ಅಂಗಡಿಯವನು ಹೇಳಿದರೂ ಅಲ್ಲಿಂದ ಎದ್ದು ಬನ್ನಿ. ಗಾಡಿಯಿಂದ ತೆಗೆದ ಕರಿ ಆಯಿಲ್ ಬಳಿಯುವುದೂ ಬೇಡ. ಅದರಿಂದ ಚರ್ಮ ಇನ್ನಷ್ಟು ಉರಿದು ಕೆಡುತ್ತದೆ.

ಡಾಕ್ಟರು ಮಾರನೇ ದಿನ ಗಾಯದ ಅಂಚಿನಲ್ಲಿ ಬ್ಲೇಡಿನಿಂದ ಚರ್ಮ ಕೆರೆದು ಮಾದರಿ ತೆಗೆದುಕೊಂಡರು. ನಡುವೆ ಕೆರೆದರೆ ನುಸಿ ಸಿಗುವುದಿಲ್ಲ, ಅಂಚೇ ಬೇಕು. ಸೂಕ್ಷ್ಮದರ್ಶಕದಲ್ಲಿ ನಮಗೂ ತೋರಿಸಿದರು. ಎಂಟು ಕಾಲಿನ, ಮುತ್ತಿನ ಬಣ್ಣದ ಹುಳ ತೆವಳುತ್ತಿತ್ತು. ಈ ಪರೀಕ್ಷೆ ಮಾಡಿಸದೆ ಔಷಧಿಗೆ ಕೈ ಹಾಕಬಾರದು. ಹೇನಿನಿಂದಲೂ ಕುರಿ ಮೈ ಉಜ್ಜುತ್ತದೆ. ತುಟಿಯ ಸುತ್ತ ಹಕ್ಕಳೆ ಕಟ್ಟುವುದು ವೈರಸ್ಸಿನ ಬಾಯಿಹುಣ್ಣೂ ಇರಬಹುದು. ನುಸಿಯಲ್ಲೂ ಬಗೆಗಳಿವೆ. ಸಾರ್ಕೊಪ್ಟಿಸ್ ಎಂಬುದು ಚರ್ಮ ಕೊರೆದು ಒಳಗೆ ಸೇರುತ್ತದೆ, ಉಣ್ಣೆಯಿಲ್ಲದ ಮುಖ, ಕಿವಿ, ಕಾಲು ಅದರ ಜಾಗ. ಅದನ್ನು ಹಿಡಿಯಲು ರಕ್ತ ಜಿನುಗುವಷ್ಟು ಆಳ ಕೆರೆಯಬೇಕು, ಮುಟ್ಟಿದ ಮನುಷ್ಯರ ಕೈಗೂ ಕೆಲವು ದಿನ ತುರಿಕೆ ಬರಬಹುದು. ಕೋರಿಯೊಪ್ಟಿಸ್ ಎಂಬುದು ಕಾಲಿನ ಕೆಳಭಾಗಕ್ಕೆ, ಟಗರಿನ ವೃಷಣದ ಚೀಲಕ್ಕೆ ಹತ್ತುತ್ತದೆ. ಚೀಲ ದಪ್ಪಗಟ್ಟಿ ಒಳಗೆ ಶಾಖ ಹೆಚ್ಚಾದರೆ ಬೀಜ ಕೆಟ್ಟು ಟಗರು ಹಾರಿದರೂ ಕುರಿ ಗಬ್ಬವಾಗುವುದಿಲ್ಲ.

ಚಿಕಿತ್ಸೆಯಲ್ಲಿ ಜನ ಸೋಲುವುದು ಎರಡು ಕಡೆ. ಗಾಯ ಕಾಣುವ ಕುರಿಗಳಿಗಷ್ಟೇ ಔಷಧಿ ಹಾಕುತ್ತಾರೆ, ಅದನ್ನೂ ಒಂದೇ ಸಲ ಹಾಕಿ ಬಿಡುತ್ತಾರೆ. ನುಸಿ ಕೊಲ್ಲಲು ಹಾಕುವ ಐವರ್ಮೆಕ್ಟಿನ್ ಚುಚ್ಚುಮದ್ದು ಅದರ ಮೊಟ್ಟೆಗಳನ್ನು ಕೊಲ್ಲುವುದಿಲ್ಲ. ಅದಕ್ಕೇ ಈ ಕಜ್ಜಿಗೆ ಏಳು ದಿನ ಬಿಟ್ಟು ಎರಡನೇ ಚುಚ್ಚುಮದ್ದು ಬೇಕೇ ಬೇಕು. ಪ್ರಮಾಣ ಕುರಿಯ ತೂಕದ ಮೇಲೆ, ಕಣ್ಣಂದಾಜಿನ ಮೇಲಲ್ಲ. ಕಡಿಮೆ ಹಾಕಿದರೆ ಬದುಕುಳಿದ ನುಸಿ ಔಷಧಿಗೆ ಬಗ್ಗದಂತಾಗುತ್ತದೆ. ಬ್ರಿಟನ್ನಿನಲ್ಲಿ ಅಂಥ ನುಸಿ ಸಿಕ್ಕಿರುವುದು 2018ರಲ್ಲೇ ವರದಿಯಾಗಿದೆ. ಮಂದೆಯ ಪ್ರತಿ ಕುರಿಗೂ, ಮರಿಗೂ, ಒಂದೇ ದಿನ ಆಗಬೇಕು.

ಕುರಿಯ ಮೈಯಿಂದ ಬಿದ್ದ ನುಸಿ ಹಕ್ಕಳೆಯಲ್ಲಿ, ಉದುರಿದ ಉಣ್ಣೆಯಲ್ಲಿ ಎರಡು ವಾರಕ್ಕೂ ಮೇಲೆ ಬದುಕುತ್ತದೆ. ಹಾಗಾಗಿ ಔಷಧಿಯಾದ ಮಂದೆಯನ್ನು ಅದೇ ಹಟ್ಟಿಗೆ ತಿರುಗಿ ತುಂಬಬೇಡಿ. ಉದುರಿದ್ದನ್ನೆಲ್ಲ ಗುಡಿಸಿ ಸುಟ್ಟು, ಮೂರು ವಾರ ಖಾಲಿ ಬಿಡಿ. ಊರೂರು ತಿರುಗಿ ಹೊಲದಲ್ಲಿ ಕುರಿ ತರುಬುವವರಿಗೆ ಇದು ಬಹಳ ಮುಖ್ಯ. ನಿಮ್ಮ ಮುಂಚೆ ಅಲ್ಲಿ ಯಾರ ಕುರಿ ತರುಬಿದ್ದರು, ಅವುಗಳ ಮೈ ಹೇಗಿತ್ತು ಎಂದು ಹೊಲದವರನ್ನು ಕೇಳಿಕೊಳ್ಳಿ. ಒಟ್ಟಿಗೆ ಮೇಯುವ ಅಕ್ಕಪಕ್ಕದ ಮಂದೆಗಳಿಗೂ ಅದೇ ವಾರ ಔಷಧಿಯಾಗದಿದ್ದರೆ ನೀವು ಕಳೆದ ದುಡ್ಡೆಲ್ಲ ನೀರಿನಲ್ಲಿ ಹೋಮ. ಆಸ್ಟ್ರೇಲಿಯಾದವರು 1896ಕ್ಕೇ ಈ ನುಸಿಯನ್ನು ದೇಶದಿಂದ ಓಡಿಸಿದ್ದರು. ಬ್ರಿಟನ್ ಕೂಡ 1952ರಲ್ಲಿ ಗೆದ್ದಿತ್ತು, 1973ರಲ್ಲಿ ಮತ್ತೆ ಬಂತು. ಅಲ್ಲಿ ಔಷಧಿ ನೀರಿನಲ್ಲಿ ಕುರಿ ಮುಳುಗಿಸುವ ಕಡ್ಡಾಯ ನಿಯಮ 1992ರಲ್ಲಿ ಹೋದ ಮೇಲೆ ಮತ್ತೆ ಎಲ್ಲೆಡೆ ಹಬ್ಬಿತು. ಕಾನೂನಿರಲಿ ಬಿಡಲಿ, ಒಂದು ಊರಿನ ಕುರಿಯವರು ಕೂಡಿ ಮಾತಾಡಿಕೊಂಡರೆ ಆ ಊರಿನ ಮಟ್ಟಿಗಾದರೂ ಕಜ್ಜಿ ತಡೆಯಬಹುದು.

ಸಂತೆಯಲ್ಲಿ ನೋಡಬೇಕಾದದ್ದು ಹೀಗೆ. ಕಿವಿಯೊಳಗೆ, ಕೊಂಬಿನ ಬುಡದಲ್ಲಿ, ಕಣ್ಣಿನ ಕೆಳಗಿನ ಕುಳಿಯಲ್ಲಿ, ತೊಡೆಸಂದಿನಲ್ಲಿ, ಬಾಲದ ಕೆಳಗೆ ಬೆರಳಾಡಿಸಿ. ಕತ್ತರಿ ತಲುಪದ ಈ ಜಾಗಗಳಲ್ಲಿ ನುಸಿ ಅಡಗಿರುತ್ತದೆ. ಬೆನ್ನನ್ನೂ ಪಕ್ಕೆಯನ್ನೂ ಉಗುರಿನಿಂದ ಜೋರಾಗಿ ಕೆರೆಯಿರಿ. ಕುರಿ ತಲೆಯೆತ್ತಿ ತುಟಿ ಪಟಪಟ ಆಡಿಸಿದರೆ ಅದಕ್ಕೆ ತುರಿಕೆ ಇದೆ ಎಂದೇ ತಿಳಿಯಿರಿ. ಮೈ ಒರಟಾಗಿ, ಚರ್ಮ ದಪ್ಪನೆ ಮಡಿಕೆ ಬಿದ್ದಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಎಲ್ಲ ಸರಿಯಿದ್ದರೂ ಮನೆಗೆ ತಂದ ಮೇಲೆ ಮಂದೆಗೆ ಮೈ ತಾಗದಂತೆ ಮೂರ್ನಾಲ್ಕು ವಾರ ಬೇರೆ ಕಟ್ಟಿ, ಡಾಕ್ಟರಿಗೆ ತೋರಿಸಿ. ದೂರದ ಹಳ್ಳಿಯವರು 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯ ಸಿಗುತ್ತದೆ. ಚುಚ್ಚುಮದ್ದು ಹಾಕಿಸಿದ ಕುರಿಯನ್ನು ಮಾಂಸಕ್ಕೆ ಮಾರಲು ಎಷ್ಟು ದಿನ ಕಾಯಬೇಕು ಎಂಬುದನ್ನು ಶೀಶೆಯ ಮೇಲೆ ಬರೆದಿರುತ್ತಾರೆ. ಅದನ್ನು ಡಾಕ್ಟರಿಂದ ಓದಿಸಿಕೊಂಡು, ಅಷ್ಟು ದಿನ ಮುಗಿಯುವವರೆಗೆ ಒಂದನ್ನೂ ಸಂತೆಗೆ ಹೊಡೆಯಬೇಡಿ.